ಅಂಗಳದ ಹೂವು, ಕಾಡಿನ ತೊಗಟೆ, ಆಸ್ಪತ್ರೆಯ ಮದ್ದು

ನಿತ್ಯಪುಷ್ಪದ ಗಿಡವನ್ನು ನೋಡದ ಮಕ್ಕಳು ನಮ್ಮ ನಾಡಿನಲ್ಲಿ ಇರಲಿಕ್ಕಿಲ್ಲ. ದೇವಸ್ಥಾನದ ಹಿತ್ತಲು, ಶಾಲೆಯ ಕಾಂಪೌಂಡು, ಬಸ್‌ಸ್ಟ್ಯಾಂಡಿನ ಗೋಡೆಯ ಬಿರುಕು, ಎಲ್ಲಿ ಬೇಕಾದರೂ ಬೆಳೆಯುತ್ತದೆ. ಐದು ಎಸಳಿನ ನಸುಗೆಂಪು ಅಥವಾ ಬಿಳಿ ಹೂವು. ಬೇಸಿಗೆಯಲ್ಲೂ ಹೂ ಬಿಡುತ್ತದೆ, ಮಳೆಗಾಲದಲ್ಲೂ ಬಿಡುತ್ತದೆ; ಅದಕ್ಕೇ ಆ ಹೆಸರು. ಕೆಲವು ಕಡೆ ಸದಾಪುಷ್ಪ ಅನ್ನುತ್ತಾರೆ, ಕೆಲವು ಕಡೆ ಕಾಶಿ ಕಣಗಿಲೆ ಅನ್ನುತ್ತಾರೆ. ಇದರ ಮೂಲ ಊರು ಮಾತ್ರ ಕಾಶಿಯಲ್ಲ, ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪ.

ಈ ಗಿಡದಿಂದ ಕ್ಯಾನ್ಸರ್‌ಗೆ ಔಷಧಿ ಆಗುತ್ತದೆ ಎಂಬ ಮಾತನ್ನು ನೀವು ಎಲ್ಲಾದರೂ ಕೇಳಿರಬಹುದು. ಮಾತು ನಿಜ. ಆದರೆ ಅದರ ಅರ್ಧ ಭಾಗ ಮಾತ್ರ ಮನೆಮನೆಗೆ ತಲುಪಿದೆ. ಉಳಿದ ಅರ್ಧ ತಲುಪದೆ ಹೋದದ್ದರಿಂದ ಜೀವ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಅದಕ್ಕಾಗಿಯೇ ಈ ಬರಹ.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ನಾಲ್ಕು ವರ್ಷದ ಹಿಂದೆ ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆಯ ದಿನಗಳಲ್ಲಿ ಅವಳು ನಮ್ಮ ಮನೆಯಲ್ಲೇ ಇದ್ದಳು. ಆಗ ಆರನೇ ಕ್ಲಾಸಿನಲ್ಲಿದ್ದ ನನ್ನ ಮೊಮ್ಮಗಳು ಒಂದು ದಿನ ಕೇಳಿದಳು: "ಅಜ್ಜೀ, ದೊಡ್ಡಜ್ಜಿಗೆ ಯಾಕೆ ಸೂಜಿ ಚುಚ್ಚಿಸ್ಬೇಕು? ಕ್ಯಾನ್ಸರ್ ಗಿಡ ನಮ್ಮನೆ ಅಂಗಳದಲ್ಲೇ ಇದ್ಯಲ್ಲ, ಕಷಾಯ ಮಾಡಿ ಕೊಟ್ರೆ ಆಗಲ್ವಾ?"

ಪ್ರಶ್ನೆ ಚೆನ್ನಾಗಿತ್ತು. "ಆಗಲ್ಲ" ಅಂದುಬಿಟ್ಟರೆ ಉತ್ತರವಾಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಮೂರು ಗಿಡಮರಗಳ ಕಥೆ ಹೇಳಬೇಕಾಗುತ್ತದೆ.

ಜಮೈಕಾದಿಂದ ಬಂದ ಲಕೋಟೆ

ಮೊದಲ ಕಥೆ ನಿತ್ಯಪುಷ್ಪದ್ದು. 1952ರಲ್ಲಿ ಕೆನಡಾದ ಕ್ಲಾರ್ಕ್ ನೋಬಲ್ ಎಂಬ ವೈದ್ಯರಿಗೆ ಜಮೈಕಾದಿಂದ ಅವರ ರೋಗಿಯೊಬ್ಬರು ಒಂದು ಲಕೋಟೆ ಕಳಿಸಿದರು. ಒಳಗೆ 25 ಎಲೆಗಳಿದ್ದವು, ನಿತ್ಯಪುಷ್ಪದ ಎಲೆಗಳು. ಅಲ್ಲಿನ ಜನ ಸಕ್ಕರೆ ಕಾಯಿಲೆಗೆ ಆ ಎಲೆಯ ಕಷಾಯ ಕುಡಿಯುತ್ತಿದ್ದರು. ಕ್ಲಾರ್ಕ್ ಅವರು ಆ ಎಲೆಗಳನ್ನು ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ತಮ್ಮ ಸಹೋದರ ರಾಬರ್ಟ್ ನೋಬಲ್ ಅವರಿಗೆ ಕೊಟ್ಟರು.

ರಾಬರ್ಟ್ ಅವರು ಎಲೆಯ ಸಾರವನ್ನು ಇಲಿಗಳಿಗೆ ಕುಡಿಸಿ ನೋಡಿದರು. ಸಕ್ಕರೆ ಇಳಿಯಲಿಲ್ಲ. ಸಾರವನ್ನು ಇಂಜೆಕ್ಷನ್ ಮಾಡಿದರು. ಆಗಲೂ ಸಕ್ಕರೆ ಇಳಿಯಲಿಲ್ಲ. ಇಲಿಗಳು ಮಾತ್ರ ಸೋಂಕು ತಗುಲಿ ಸತ್ತವು. ಯಾಕೆಂದು ರಕ್ತ ಪರೀಕ್ಷಿಸಿದರೆ, ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗಿದ್ದವು. ಬೇರೆಯವರಾಗಿದ್ದರೆ ಪ್ರಯೋಗ ಸೋತಿತು ಎಂದು ಎಲೆಯನ್ನು ಎಸೆದುಬಿಡುತ್ತಿದ್ದರೇನೋ. ರಾಬರ್ಟ್ ಬೇರೆ ರೀತಿ ಯೋಚಿಸಿದರು. ರಕ್ತದ ಕ್ಯಾನ್ಸರ್‌ನಲ್ಲಿ ಬಿಳಿ ಕಣಗಳು ಮಿತಿಮೀರಿ ಹೆಚ್ಚುತ್ತವಲ್ಲ, ಹಾಗಾದರೆ ಅವನ್ನು ಕಡಿಮೆ ಮಾಡುವ ಈ ವಸ್ತುವಿನಿಂದ ಅಲ್ಲಿ ಉಪಯೋಗವಾಗಬಹುದೇ?

ಚಾರ್ಲ್ಸ್ ಬೀರ್ ಎಂಬ ರಸಾಯನಶಾಸ್ತ್ರಜ್ಞರು ಅವರ ಜೊತೆಗೂಡಿದರು. 1958ರಲ್ಲಿ ಇಬ್ಬರೂ ಸೇರಿ ಎಲೆಯಿಂದ ಒಂದು ಶುದ್ಧ ವಸ್ತುವನ್ನು ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ಅದೇ ವಿನ್‌ಬ್ಲಾಸ್ಟಿನ್. ಅದೇ ಗಿಡದಿಂದ ಮುಂದೆ ವಿನ್‌ಕ್ರಿಸ್ಟಿನ್ ಸಿಕ್ಕಿತು. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಇವತ್ತಿಗೂ ಬೇರೆ ಔಷಧಿಗಳ ಜೊತೆ ಅದನ್ನು ಕೊಡುತ್ತಾರೆ. ನಿತ್ಯಪುಷ್ಪದ ವಸ್ತುವನ್ನು ಸ್ವಲ್ಪ ಮಾರ್ಪಡಿಸಿ ಫ್ರಾನ್ಸಿನ ಪಿಯೆರ್ ಪೋತಿಯೆ ಅವರ ತಂಡ ವಿನೊರೆಲ್ಬಿನ್ ತಯಾರಿಸಿತು. ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ವೈದ್ಯರು ಬಳಸುವ ಔಷಧಿಗಳಲ್ಲಿ ಅದೂ ಒಂದು.

ಒಂದು ಲೆಕ್ಕ ಗಮನಿಸಿ. ಒಂದೇ ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ಸಿಗಬೇಕಾದರೆ ಸುಮಾರು 500 ಕೆ.ಜಿ. ಒಣ ಎಲೆ ಬೇಕು. ಅಂಗಳದ ಗಿಡದಿಂದ ಕಿತ್ತ ಒಂದು ಹಿಡಿ ಎಲೆಯಲ್ಲಿ ಎಷ್ಟಿದ್ದೀತು, ನೀವೇ ಲೆಕ್ಕ ಹಾಕಿ.

ಚಪ್ಪರ ಕಟ್ಟುವ ಜೀವಕೋಶ

ಈ ಔಷಧಿ ಒಳಗೆ ಹೋಗಿ ಮಾಡುವುದೇನು? ಮನೆಯ ಮದುವೆಗೆ ಚಪ್ಪರ ಹಾಕುವುದನ್ನು ನೋಡಿದ ಮಕ್ಕಳಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ನಮ್ಮ ದೇಹದಲ್ಲಿ ಒಂದು ಜೀವಕೋಶ ಎರಡಾಗುವಾಗ ಒಳಗೊಂದು ಪುಟ್ಟ ಚಪ್ಪರ ಏಳುತ್ತದೆ. ಅದರ ಗಳುಗಳಿಗೆ ಸೂಕ್ಷ್ಮ ನಳಿಕೆಗಳು ಎಂದು ಹೆಸರು. ಈ ಗಳುಗಳೇ ವರ್ಣತಂತುಗಳನ್ನು ಎರಡು ಪಾಲು ಮಾಡಿ ಆಚೆಗೊಂದು ಈಚೆಗೊಂದು ಎಳೆದು ನಿಲ್ಲಿಸುತ್ತವೆ. ಕೆಲಸ ಮುಗಿದ ಮೇಲೆ ಚಪ್ಪರ ಬಿಚ್ಚಿಹೋಗುತ್ತದೆ. ಕಟ್ಟಬೇಕು, ಬಿಚ್ಚಬೇಕು, ಎರಡೂ ಸರಿಯಾಗಿ ನಡೆದರೆ ಮಾತ್ರ ಒಂದು ಕೋಶ ಎರಡಾಗುತ್ತದೆ.

ಕ್ಯಾನ್ಸರ್ ಅಂದರೆ ಅಂಕೆಯಿಲ್ಲದೆ ಮತ್ತೆ ಮತ್ತೆ ಎರಡಾಗುತ್ತಲೇ ಹೋಗುವ ಕೋಶಗಳ ಗುಂಪು. ಅಲ್ಲಿ ದಿನವೂ ಚಪ್ಪರ ಕಟ್ಟುವ ಗಡಿಬಿಡಿ. ನಿತ್ಯಪುಷ್ಪದ ಔಷಧಿ ಹೋಗಿ ಗಳುಗಳನ್ನು ಜೋಡಿಸಲು ಬಿಡುವುದಿಲ್ಲ. ಚಪ್ಪರ ಏಳದಿದ್ದರೆ ಮದುವೆ ಇಲ್ಲ. ಕೋಶ ಎರಡಾಗಲಾರದೆ ಸಾಯುತ್ತದೆ.

ಇನ್ನು ಎರಡನೆಯ ಕಥೆಯ ಮರ ಇದಕ್ಕೆ ತದ್ವಿರುದ್ಧ ಉಪಾಯ ಮಾಡುತ್ತದೆ.

ತೊಗಟೆಯಿಂದ ಬಂದ ಔಷಧಿ

ಆ ಮರದ ಹೆಸರು ಪೆಸಿಫಿಕ್ ಯೂ. ಅಮೆರಿಕದ ಪಶ್ಚಿಮ ಕರಾವಳಿಯ ಹಳೆಯ ಕಾಡುಗಳಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ, ಬಹಳ ನಿಧಾನವಾಗಿ ಬೆಳೆಯುತ್ತದೆ. ಮರ ಕಡಿಯುವವರಿಗೆ ಅದು ಲೆಕ್ಕಕ್ಕೇ ಇಲ್ಲದ ಮರ. ಬೆಲೆಬಾಳುವ ಮರ ಕಡಿದ ಮೇಲೆ ಉಳಿದ ಕಸದ ಜೊತೆ ಸುಟ್ಟುಬಿಡುತ್ತಿದ್ದರು.

1960ರ ಹೊತ್ತಿಗೆ ಅಮೆರಿಕ ಸರಕಾರದ ಕ್ಯಾನ್ಸರ್ ಸಂಸ್ಥೆ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿತ್ತು. ಸಿಕ್ಕಸಿಕ್ಕ ಗಿಡಮರಗಳ ಎಲೆ, ಬೇರು, ತೊಗಟೆ ತಂದು ಸಾರ ತೆಗೆದು ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುವುದು. ಸುಮಾರು ಎರಡು ದಶಕಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಾರಗಳನ್ನು ಪರೀಕ್ಷಿಸಿದರು. ಔಷಧಿಯಾಗಿ ಆಸ್ಪತ್ರೆ ತಲುಪಿದವು ಬೆರಳೆಣಿಕೆಯಷ್ಟು. ಈ ಒಂದು ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1962ರ ಆಗಸ್ಟ್ ತಿಂಗಳಲ್ಲಿ ಆರ್ಥರ್ ಬಾರ್ಕ್ಲೇ ಎಂಬ ಸಸ್ಯವಿಜ್ಞಾನಿ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಯೂ ಮರದ ತೊಗಟೆ ಸುಲಿದು ಚೀಲಕ್ಕೆ ತುಂಬಿಕೊಂಡರು. ಅದು ಉತ್ತರ ಕೆರೊಲಿನಾದ ಪ್ರಯೋಗಾಲಯದಲ್ಲಿದ್ದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅವರ ಕೈಸೇರಿತು. ವಾನಿ ನಮ್ಮ ನೆರೆಯ ಮಹಾರಾಷ್ಟ್ರದವರು, ನಂದುರ್‌ಬಾರ್‌ನಲ್ಲಿ ಹುಟ್ಟಿ, ಮುಂಬೈ ವಿಶ್ವವಿದ್ಯಾಲಯದಲ್ಲಿ ಓದಿ, ಮುಂದಿನ ಓದಿಗೆ ಅಮೆರಿಕಕ್ಕೆ ಹೋದವರು.

12 ಕೆ.ಜಿ. ಒಣ ತೊಗಟೆಯಿಂದ ಅವರಿಗೆ ದಕ್ಕಿದ್ದು ಅರ್ಧ ಗ್ರಾಂ ಬಿಳಿ ಪುಡಿ. ಅದಕ್ಕೆ ಟ್ಯಾಕ್ಸಾಲ್ ಎಂದು ಹೆಸರಿಟ್ಟರು. ಅದರ ರಚನೆಯನ್ನು ಬಿಡಿಸಿ ಪ್ರಕಟಿಸುವ ಹೊತ್ತಿಗೆ 1971 ಆಗಿತ್ತು. 1979ರಲ್ಲಿ ನ್ಯೂಯಾರ್ಕಿನ ಸೂಸನ್ ಹಾರ್ವಿಟ್ಜ್ ಎಂಬ ವಿಜ್ಞಾನಿ ಅದು ಕೆಲಸ ಮಾಡುವ ಬಗೆಯನ್ನು ತೋರಿಸಿಕೊಟ್ಟರು. ನಿತ್ಯಪುಷ್ಪ ಗಳು ಜೋಡಿಸಲು ಬಿಡುವುದಿಲ್ಲ ಅಂದೆನಲ್ಲ? ಟ್ಯಾಕ್ಸಾಲ್ ಜೋಡಿಸಲು ಬಿಡುತ್ತದೆ; ಆಮೇಲೆ ಬಿಚ್ಚಲು ಬಿಡುವುದಿಲ್ಲ. ಕಗ್ಗಂಟು ಹಾಕಿದ ಚಪ್ಪರದೊಳಗೆ ಕೋಶ ಸಿಕ್ಕಿಬೀಳುತ್ತದೆ.

ಇಷ್ಟಾದರೂ ಔಷಧಿ ಸಿದ್ಧವಾಗಲಿಲ್ಲ. ಟ್ಯಾಕ್ಸಾಲ್ ನೀರಿನಲ್ಲಿ ಕರಗುವುದಿಲ್ಲ. ಕರಗದ್ದನ್ನು ರಕ್ತನಾಳಕ್ಕೆ ಹಾಕುವುದು ಹೇಗೆ? ಕೊನೆಗೆ ನೆರವಿಗೆ ಬಂದದ್ದು ನಮ್ಮ ಅಜ್ಜಿಯರ ಹರಳೆಣ್ಣೆ. ಅದನ್ನು ರಾಸಾಯನಿಕವಾಗಿ ಬದಲಾಯಿಸಿ ತಯಾರಿಸಿದ ದ್ರಾವಕದಲ್ಲಿ ಟ್ಯಾಕ್ಸಾಲ್ ಕರಗಿತು. ಆದರೆ ಆ ದ್ರಾವಕ ಕೆಲವರಿಗೆ ಜೋರು ಅಲರ್ಜಿ ತರುತ್ತಿತ್ತು. ಆದ್ದರಿಂದ ಮೊದಲು ಅಲರ್ಜಿ ತಡೆಯುವ ಔಷಧಿ ಕೊಟ್ಟು, ಆಮೇಲೆ ನಿಧಾನವಾಗಿ ಡ್ರಿಪ್ ಹಾಕುವ ಕ್ರಮ ಬಂತು. 1992ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೂ 1994ರಲ್ಲಿ ಸ್ತನ ಕ್ಯಾನ್ಸರ್‌ಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಅದನ್ನು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಹೆಸರಿನಿಂದ ಕರೆಯುತ್ತಾರೆ. ನನ್ನ ಅಕ್ಕನ ಕೈಗೆ ಹನಿಹನಿಯಾಗಿ ಇಳಿದದ್ದು ಅದೇ.

ತೊಗಟೆ ಸುಲಿದ ದಿನದಿಂದ ಸ್ತನ ಕ್ಯಾನ್ಸರ್ ರೋಗಿಗೆ ಔಷಧಿಯಾಗಿ ಒಪ್ಪಿಗೆ ಸಿಗುವವರೆಗೆ 32 ವರ್ಷ!

ಮರ ಉಳಿಯಬೇಕೋ, ರೋಗಿ ಉಳಿಯಬೇಕೋ?

ಮಕ್ಕಳೇ, ಇಲ್ಲೊಂದು ಧರ್ಮಸಂಕಟ ಎದುರಾಯಿತು. ನೂರು ವರ್ಷದ ಒಂದು ಯೂ ಮರದ ತೊಗಟೆ ಪೂರ್ತಿ ಸುಲಿದರೆ ಸಿಗುವುದು ಸುಮಾರು 3 ಕೆ.ಜಿ. ಅದರಿಂದ ಬರುವ ಔಷಧಿ ಒಬ್ಬ ರೋಗಿಗೆ ಒಂದು ಸಲ ಕೊಡುವಷ್ಟು. ಒಬ್ಬರ ಚಿಕಿತ್ಸೆಗೆ ಹಲವು ಮರಗಳು ಬೇಕು. ತೊಗಟೆ ಪೂರ್ತಿ ಸುಲಿದ ಮರ ಸಾಯುತ್ತದೆ. ಆ ಹಳೆಯ ಕಾಡುಗಳೋ, ಚುಕ್ಕೆ ಗೂಬೆ ಎಂಬ ಅಪರೂಪದ ಹಕ್ಕಿಯ ಮನೆ. ಕಾಡು ಉಳಿಸಿ ಎಂದು ಒಂದು ಗುಂಪು, ತಾಯಂದಿರನ್ನು ಉಳಿಸಿ ಎಂದು ಇನ್ನೊಂದು ಗುಂಪು. ಎರಡೂ ಕಡೆಯವರ ಮಾತಿನಲ್ಲಿ ನ್ಯಾಯ ಇತ್ತು.

ದಾರಿ ಸಿಕ್ಕಿದ್ದು ಎಲೆಯಲ್ಲಿ. ನಿತ್ಯಪುಷ್ಪದ ಕಥೆಯಲ್ಲಿ ಬಂದ ಪೋತಿಯೆ ಅವರೇ ಇಲ್ಲೂ ಬರುತ್ತಾರೆ. ಫ್ರಾನ್ಸಿನಲ್ಲಿ ಅವರ ಸಂಶೋಧನಾಲಯದ ಆವರಣದಲ್ಲಿ ಯೂರೋಪಿನ ಯೂ ಮರಗಳಿದ್ದವು. ಅವುಗಳ ಎಲೆಯಲ್ಲಿ ಟ್ಯಾಕ್ಸಾಲ್‌ನ ಅರ್ಧ ಕಟ್ಟಿದ ಮನೆಯಂಥ ಒಂದು ವಸ್ತು ಇರುವುದನ್ನು ಅವರ ತಂಡ ಕಂಡುಹಿಡಿಯಿತು. ಉಳಿದರ್ಧವನ್ನು ಪ್ರಯೋಗಾಲಯದಲ್ಲಿ ಕಟ್ಟಬಹುದು. ತೊಗಟೆ ಸುಲಿದರೆ ಮರ ಸಾಯುತ್ತದೆ. ಎಲೆ ಸವರಿದರೆ ಮತ್ತೆ ಚಿಗುರುತ್ತದೆ. ಈ ದಾರಿಯಲ್ಲಿ ಡೊಸಿಟ್ಯಾಕ್ಸೆಲ್ ಎಂಬ ಇನ್ನೊಂದು ಸ್ತನ ಕ್ಯಾನ್ಸರ್ ಔಷಧಿಯೂ ಹುಟ್ಟಿತು. ಅಮೆರಿಕದ ರಾಬರ್ಟ್ ಹೋಲ್ಟನ್ ಅವರು ಅರ್ಧ ಮನೆಯನ್ನು ಪೂರ್ತಿ ಮಾಡುವ ಸುಲಭ ವಿಧಾನ ರೂಪಿಸಿದರು. ಈಗ ಯೂ ಮರದ ಕೋಶಗಳನ್ನೇ ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಔಷಧಿ ತೆಗೆಯುವ ವಿಧಾನವೂ ಇದೆ.

ನಮ್ಮ ಹಿಮಾಲಯದಲ್ಲೂ ಒಂದು ಯೂ ಮರ ಇದೆ. ಗಡವಾಲದ ಜನ ಅದನ್ನು ಥುನೇರ್ ಎನ್ನುತ್ತಾರೆ. ಔಷಧಿಗೆ ಬೇಡಿಕೆ ಬಂದದ್ದೇ ತಡ, ಅದನ್ನೂ ಬೇಕಾಬಿಟ್ಟಿ ಕಡಿದರು. ಇವತ್ತು ಅದು ಅಳಿವಿನಂಚಿನ ಮರಗಳ ಪಟ್ಟಿಯಲ್ಲಿದೆ.

ಸಹ್ಯಾದ್ರಿಯ ದುರ್ವಾಸನೆ ಮರ

ಮೂರನೆಯ ಕಥೆ ನಮ್ಮ ಮಲೆನಾಡಿಗೆ ಬರುತ್ತದೆ. ವಾಲ್ ಮತ್ತು ವಾನಿ ಜೋಡಿ ಟ್ಯಾಕ್ಸಾಲ್‌ಗೂ ಮೊದಲು, 1966ರಲ್ಲಿ, ಚೀನಾದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಪ್ರಕಟಿಸಿತ್ತು. ಅದೇ ವಸ್ತು ಪಶ್ಚಿಮ ಘಟ್ಟದ ಒಂದು ಸಣ್ಣ ಮರದಲ್ಲಿ ಚೆನ್ನಾಗಿಯೇ ಇದೆ ಎಂದು 1972ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ತೋರಿಸಿದರು. ಆ ಮರದ ಹೂವಿಗೆ ಮೂಗು ಮುಚ್ಚಿಕೊಳ್ಳುವಷ್ಟು ಕೆಟ್ಟ ವಾಸನೆ. ಕನ್ನಡದಲ್ಲಿ ಅದರ ಹೆಸರೇ ದುರ್ವಾಸನೆ ಮರ. ಮರಾಠಿಯವರು ನರಕ್ಯಾ ಎನ್ನುತ್ತಾರೆ, ಹೆಸರಿನಲ್ಲೇ ನರಕ ಇದೆ!

ಕ್ಯಾಂಪ್ಟೊಥೆಸಿನ್ ಕೆಲಸ ಮಾಡುವ ಬಗೆ ತಿಳಿಯಲು ಮಕ್ಕಳು ಒಂದು ಸಣ್ಣ ಪ್ರಯೋಗ ಮಾಡಬಹುದು. ಎರಡು ಎಳೆ ಹೊಸೆದ ತೆಂಗಿನ ನಾರಿನ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ. ಇನ್ನೊಂದು ತುದಿಯ ಎರಡು ಎಳೆಗಳನ್ನು ಬೇರೆ ಬೇರೆ ಕೈಯಲ್ಲಿ ಹಿಡಿದು ಎಳೆಯಿರಿ. ಸ್ವಲ್ಪ ಬಿಡಿಸಿಕೊಳ್ಳುತ್ತದೆ, ಆಮೇಲೆ ಮುಂದಿನ ಭಾಗ ಬಿಗಿಯಾಗಿ ಹುರಿಗಟ್ಟುತ್ತದೆ. ನಮ್ಮ ಡಿಎನ್‌ಎ ಕೂಡ ಹೀಗೆ ಹೊಸೆದ ಹಗ್ಗ. ಅದು ಬಿಚ್ಚಿಕೊಳ್ಳುವಾಗ ಹುರಿ ಬಿಗಿಯದಂತೆ ಒಂದು ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಅಂಟಿಸುತ್ತದೆ. ಕ್ಯಾಂಪ್ಟೊಥೆಸಿನ್ ಬಂದು ಅಂಟಿಸುವ ಹೊತ್ತಿಗೆ ಅಡ್ಡ ಕೂರುತ್ತದೆ. ತುಂಡಾದ ಹಗ್ಗ ತುಂಡಾಗಿಯೇ ಉಳಿದು ಕೋಶ ಸಾಯುತ್ತದೆ.

ಈ ವಸ್ತುವಿನ ಮಾದರಿಯಲ್ಲಿ ರೂಪಿಸಿದ ಔಷಧಿಗಳ ಹೆಸರಿನ ಕೊನೆಯಲ್ಲಿ 'ಟೆಕಾನ್' ಎಂದು ಬರುತ್ತದೆ, ಮನೆತನದ ಹೆಸರು ಬಂದ ಹಾಗೆ. ಇತ್ತೀಚೆಗೆ ಸ್ತನ ಕ್ಯಾನ್ಸರ್‌ಗೆ ಬಂದ ಎರಡು ಹೊಸ ಔಷಧಿಗಳು ಇದೇ ಮನೆತನದವು: 2019ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್, 2020ರಲ್ಲಿ ಬಂದ ಸಾಸಿಟುಜುಮಾಬ್ ಗೊವಿಟೆಕಾನ್. ಇವುಗಳಲ್ಲಿ ಔಷಧಿಯನ್ನು ಒಂದು ಪ್ರತಿಕಾಯಕ್ಕೆ ಕಟ್ಟಿ ಕಳಿಸುತ್ತಾರೆ. ಪ್ರತಿಕಾಯ ಅಂಚೆಯಣ್ಣನಂತೆ ವಿಳಾಸ ಹುಡುಕಿಕೊಂಡು ಕ್ಯಾನ್ಸರ್ ಕೋಶದ ಬಾಗಿಲಿಗೆ ಹೋಗಿ ಪೊಟ್ಟಣ ಮುಟ್ಟಿಸುತ್ತದೆ. ಪೊಟ್ಟಣದೊಳಗೆ ಇರುವುದು ಮರದ ಬುದ್ಧಿ, ಹೊತ್ತು ಒಯ್ಯುವುದು ಮನುಷ್ಯನ ಬುದ್ಧಿ.

ದುರ್ವಾಸನೆ ಮರಕ್ಕೂ ಯೂ ಮರದ ಗತಿಯೇ ಬಂತು. ಘಟ್ಟದ ಕಾಡಿನಿಂದ ಚಕ್ಕೆ ಚಕ್ಕೆಯಾಗಿ ಕಡಿದು ಸಾಗಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಯಾವ ಕಾಡಿನ ಮರದಲ್ಲಿ ಈ ವಸ್ತು ಹೆಚ್ಚಿದೆ ಎಂದು ಹುಡುಕಿ ಗುರುತಿಸುವ ಕೆಲಸ ಮಾಡಿದ್ದಾರೆ. ಒಳ್ಳೆಯ ಮರಗಳನ್ನು ಗುರುತಿಸಿ ತೋಟದಲ್ಲಿ ಬೆಳೆಸಿದರೆ ಕಾಡಿನ ಮರ ಉಳಿಯುತ್ತದೆ.

ಹಾಗಾದರೆ ಕಷಾಯ ಯಾಕೆ ಬೇಡ?

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಔಷಧಿ ಗಿಡದಿಂದಲೇ ಬಂದದ್ದು, ನಿಜ. ಹಾಗಾದರೆ ಗಿಡವನ್ನೇ ಕುದಿಸಿ ಕುಡಿದರೆ ಏನು ತಪ್ಪು?

ಮೊದಲನೆಯದು ಅಳತೆ. ಅಕ್ಕನ ಎತ್ತರ, ತೂಕ ಅಳೆದು, ರಕ್ತ ಪರೀಕ್ಷೆ ನೋಡಿ, ಪ್ರತಿ ಸಲದ ಔಷಧಿಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಸಿದ್ಧಪಡಿಸುತ್ತಿದ್ದರು. ಬಿಳಿ ಕಣ ಕಡಿಮೆ ಇದ್ದ ವಾರ ಡ್ರಿಪ್ ಹಾಕದೆ ವಾಪಸ್ ಕಳಿಸಿದ್ದೂ ಉಂಟು. ಕಷಾಯದಲ್ಲಿ ಆ ಅಳತೆ ಸಾಧ್ಯವಿಲ್ಲ. ಒಂದೇ ಜಾತಿಯ ಗಿಡದಲ್ಲೂ ಮಣ್ಣು, ಮಳೆ, ವಯಸ್ಸು ನೋಡಿ ಒಳಗಿನ ವಸ್ತು ಹೆಚ್ಚು ಕಡಿಮೆ ಇರುತ್ತದೆ.

ಎರಡನೆಯದು ಕಲಬೆರಕೆ. ನಿತ್ಯಪುಷ್ಪವೊಂದರಲ್ಲೇ ನೂರಕ್ಕೂ ಹೆಚ್ಚು ಬಗೆಯ ಕ್ಷಾರವಸ್ತುಗಳಿವೆ. ಬೇಕಾದ್ದು ಒಂದೆರಡು, ಉಳಿದವು ರಕ್ತದೊತ್ತಡ ಇಳಿಸಬಹುದು, ವಾಂತಿ ತರಿಸಬಹುದು. ಯೂ ಮರದ ಎಲೆ, ಬೀಜ ಹೃದಯವನ್ನೇ ನಿಲ್ಲಿಸುವ ವಿಷ.

ಮೂರನೆಯದು ದಾರಿ. ಪ್ಯಾಕ್ಲಿಟ್ಯಾಕ್ಸೆಲ್ ಬಾಯಿಂದ ನುಂಗಿದರೆ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಅದಕ್ಕೇ ರಕ್ತನಾಳದ ದಾರಿ.

ಇನ್ನೊಂದು ಅಪಾಯ ಹೆಸರಿನಲ್ಲೇ ಇದೆ, ಅಜ್ಜಿಯರು ದಯವಿಟ್ಟು ಗಮನಿಸಿ. ನಿತ್ಯಪುಷ್ಪಕ್ಕೆ ಕಾಶಿ ಕಣಗಿಲೆ ಎಂದೂ ಹೆಸರಿದೆ ಎಂದೆ. ಬರೀ ಕಣಗಿಲೆ ಬೇರೆಯೇ ಗಿಡ, ದೇವರಿಗೆ ಏರಿಸುವ ಹೂವಿನದು, ಉದ್ದ ಎಲೆಯದು. ಅದರ ಪ್ರತಿ ಭಾಗವೂ ಹೃದಯಕ್ಕೆ ಕಟು ವಿಷ. "ಕಣಗಿಲೆ ಎಲೆ ಒಳ್ಳೇದಂತೆ" ಎಂದು ಯಾರೋ ಹೇಳಿದ್ದನ್ನು ಕೇಳಿ ಆ ಎಲೆ ಕುದಿಸಿದರೆ ಪ್ರಾಣಕ್ಕೇ ಎರವಾಗುತ್ತದೆ.

ಅರಿಶಿನ, ಲಕ್ಷ್ಮಣಫಲ ಮತ್ತು ಗಾಜಿನ ತಟ್ಟೆ

"ಅರಿಶಿನದಿಂದ ಕ್ಯಾನ್ಸರ್ ಕೋಶ ಸಾಯುತ್ತದೆ ಎಂದು ವಿಜ್ಞಾನಿಗಳೇ ಹೇಳಿದ್ದಾರೆ" ಎಂಬ ಸುದ್ದಿ ಆಗಾಗ ಬರುತ್ತದೆ. ಸುದ್ದಿ ಸುಳ್ಳಲ್ಲ. ಆದರೆ ಸತ್ತ ಕೋಶಗಳು ಎಲ್ಲಿದ್ದವು ಎಂದು ಕೇಳಬೇಕು. ಬಹುಪಾಲು ಪ್ರಯೋಗಾಲಯದ ತಟ್ಟೆಯಲ್ಲಿ. ಸ್ತನ ಕ್ಯಾನ್ಸರ್ ಸಂಶೋಧನೆಯಲ್ಲಿ ಬಹಳವಾಗಿ ಬಳಸುವ ಕೋಶಗಳಿಗೆ ಎಂಸಿಎಫ್-7 ಎಂದು ಹೆಸರು. 1970ರಲ್ಲಿ ಅಮೆರಿಕದ ಒಬ್ಬ ಕ್ರೈಸ್ತ ಸನ್ಯಾಸಿನಿಯ ದೇಹದಿಂದ ತೆಗೆದ ಕೋಶಗಳ ವಂಶ ಅದು. ಆ ತಾಯಿ ಹೋಗಿ ಐವತ್ತು ವರ್ಷ ದಾಟಿತು. ಅವರ ಕೋಶಗಳು ಜಗತ್ತಿನ ಎಲ್ಲ ಕಡೆ ಇಂದಿಗೂ ಬೆಳೆಯುತ್ತಿವೆ, ಹೊಸ ಸಾರಗಳ ಪರೀಕ್ಷೆಗೆ ಒದಗುತ್ತಿವೆ.

ತಟ್ಟೆಯ ಪರೀಕ್ಷೆ ಬೇಕೇಬೇಕು, ಎಲ್ಲ ಔಷಧಿಗೂ ಅದು ಮೊದಲ ಮೆಟ್ಟಿಲು. ಆದರೆ ತಟ್ಟೆಯಲ್ಲಿರುವ ಕೋಶವನ್ನು ಉಪ್ಪು ಹಾಕಿಯೂ ಸಾಯಿಸಬಹುದು. ದೇಹದೊಳಗೆ ಒಳ್ಳೆಯ ಕೋಶ ಉಳಿದು ಕೆಟ್ಟದ್ದು ಮಾತ್ರ ಸಾಯಬೇಕು, ಕಷ್ಟ ಇರುವುದು ಅಲ್ಲಿ. ಒಂದು ಲಕ್ಷಕ್ಕೂ ಹೆಚ್ಚು ಸಾರಗಳಲ್ಲಿ ಬೆರಳೆಣಿಕೆಯಷ್ಟೇ ಔಷಧಿಯಾದವು ಎಂದೆನಲ್ಲ, ಕಾರಣ ಇದೇ.

ಅರಿಶಿನದ ಮುಖ್ಯ ವಸ್ತು ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅದನ್ನು ಸುಧಾರಿಸುವ ಸಂಶೋಧನೆಗಳು ನಡೆಯುತ್ತಿವೆ. ಸ್ತನ ಕ್ಯಾನ್ಸರ್ ಗುಣಪಡಿಸುವ ಔಷಧಿಯಾಗಿ ಇನ್ನೂ ಅದು ಸಾಬೀತಾಗಿಲ್ಲ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ತನ ಕ್ಯಾನ್ಸರ್ ಇದ್ದ ಇಲಿಗಳಿಗೆ ಕರ್ಕ್ಯುಮಿನ್ ತಿನ್ನಿಸಿದಾಗ ಒಂದು ಕೀಮೊಥೆರಪಿ ಔಷಧಿಯ ಶಕ್ತಿಯೇ ಕುಂದಿತ್ತು. ಸಾರು, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಶಿನಕ್ಕೆ ಹೆದರಬೇಕಿಲ್ಲ. ಅಡುಗೆಯ ಅರಿಶಿನ ಬೇರೆ, ಡಬ್ಬಿಯಲ್ಲಿ ಮಾರುವ ಅರಿಶಿನ ಸಾರದ ಕ್ಯಾಪ್ಸೂಲ್ ಬೇರೆ. ಅಂಥ ಕ್ಯಾಪ್ಸೂಲ್‌ಗಳಿಂದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ಇವೆ.

ಲಕ್ಷ್ಮಣಫಲದ ಎಲೆ, ಹಣ್ಣಿಗೂ ಇತ್ತೀಚೆಗೆ ಬಹಳ ಬೇಡಿಕೆ. ತಟ್ಟೆಯ ಪರೀಕ್ಷೆಯಲ್ಲಿ ಅದರ ಸಾರವೂ ಕೋಶ ಕೊಲ್ಲುತ್ತದೆ. ಆದರೆ ಅದರಲ್ಲಿರುವ ಆನೊನಾಸಿನ್ ಎಂಬ ವಸ್ತು ನರಗಳಿಗೆ ವಿಷ. ಕೆರಿಬಿಯನ್ ದ್ವೀಪವಾದ ಗ್ವಾಡೆಲೂಪ್‌ನಲ್ಲಿ ಈ ಹಣ್ಣು, ಎಲೆ ಕಷಾಯ ಹೆಚ್ಚು ಬಳಸುವವರಲ್ಲಿ ಕೈಕಾಲು ಬಿಗಿಯುವ, ಪಾರ್ಕಿನ್ಸನ್ಸ್ ಹೋಲುವ ಕಾಯಿಲೆ ಹೆಚ್ಚು ಕಂಡುಬಂದದ್ದನ್ನು 1999ರಲ್ಲಿ ವೈದ್ಯರು ವರದಿ ಮಾಡಿದರು.

ಅಕ್ಕನಿಗೆ ಕ್ಯಾನ್ಸರ್ ಎಂದು ತಿಳಿದ ತಿಂಗಳೊಳಗೆ ನಮ್ಮ ಮನೆಯ ಗೂಡಿನಲ್ಲಿ ಏಳು ಬಗೆಯ ಬಾಟಲಿ, ಪುಡಿ, ಬೇರು ಸೇರಿದ್ದವು. ತಂದುಕೊಟ್ಟವರೆಲ್ಲ ಪ್ರೀತಿಯಿಂದಲೇ ತಂದವರು. ಯಾವುದನ್ನೂ ಎಸೆಯಲು ಅಕ್ಕನಿಗೆ ಮನಸ್ಸಿಲ್ಲ. ಕೊನೆಗೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಡಾಕ್ಟರ ಮೇಜಿನ ಮೇಲೆ ಇಟ್ಟೆವು. ಅವರು ಬೈಯಲಿಲ್ಲ. ಒಂದೊಂದನ್ನೇ ನೋಡಿ, ಶುಂಠಿ ಕಷಾಯ ವಾಕರಿಕೆಗೆ ಬೇಕಾದರೆ ಸ್ವಲ್ಪ ಕುಡಿಯಿರಿ ಎಂದರು. ಉಳಿದವನ್ನು ಚಿಕಿತ್ಸೆ ಮುಗಿಯುವವರೆಗೆ ಮುಟ್ಟಬೇಡಿ ಎಂದರು.

ನಮ್ಮ ಬೀದಿಯ ಇನ್ನೊಬ್ಬರು ಆ ದಾರಿ ಹಿಡಿಯಲಿಲ್ಲ. ಎದೆಯಲ್ಲಿ ಅಡಿಕೆ ಗಾತ್ರದ ಗಂಟು ಇದ್ದಾಗ ಎಲ್ಲೋ ದೂರದಿಂದ ಬೇರು ತರಿಸಿ ಕುಡಿಯತೊಡಗಿದರು. ನೋವಿಲ್ಲ, ಹಾಗಾಗಿ ಭಯವಿಲ್ಲ. ಎಂಟು ತಿಂಗಳ ನಂತರ ಆಸ್ಪತ್ರೆಗೆ ಹೋಗುವಾಗ ರೋಗ ಬೆನ್ನುಮೂಳೆಗೆ ಇಳಿದಿತ್ತು. ಆ ಬೇರಿನಲ್ಲಿ ವಿಷ ಇತ್ತೋ ಇಲ್ಲವೋ, ಅದು ನುಂಗಿದ ಎಂಟು ತಿಂಗಳಂತೂ ಮರಳಿ ಬರಲಿಲ್ಲ.

ದೊಡ್ಡಜ್ಜಿಯ ಕೂದಲು ಎಲ್ಲಿ ಹೋಯಿತು?

ಮಕ್ಕಳೇ, ಕೀಮೊಥೆರಪಿ ನಡೆಯುವ ಮನೆಯಲ್ಲಿ ನೀವಿದ್ದರೆ ಕೆಲವು ಸಂಗತಿ ನಿಮ್ಮನ್ನು ಹೆದರಿಸಬಹುದು. ಕೂದಲು ಉದುರುತ್ತದೆ. ಯಾಕೆಂದರೆ ಕೂದಲಿನ ಬುಡದ ಕೋಶಗಳೂ ಬೇಗ ಬೇಗ ಎರಡಾಗುವಂಥವು. ಚಪ್ಪರ ತಡೆಯುವ ಔಷಧಿಗೆ ಅವು ಯಾರು, ಇವು ಯಾರು ಎಂದು ಪೂರ್ತಿ ಗೊತ್ತಾಗುವುದಿಲ್ಲ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ನರಗಳ ಒಳಗೂ ಅದೇ ಗಳುಗಳಿವೆ. ಹಾಗಾಗಿ ಪ್ಯಾಕ್ಲಿಟ್ಯಾಕ್ಸೆಲ್ ಪಡೆದ ಕೆಲವರಿಗೆ ಬೆರಳ ತುದಿ ಜೋಮು ಹಿಡಿಯುತ್ತದೆ. ಅಕ್ಕನಿಗೆ ರಂಗೋಲಿ ಪುಡಿ ಬೆರಳಿನ ನಡುವೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಅವಳು ಚುಕ್ಕೆ ಹೇಳುತ್ತಿದ್ದಳು, ಮೊಮ್ಮಗಳು ಎಳೆ ಎಳೆಯುತ್ತಿದ್ದಳು.

ಕ್ಯಾನ್ಸರ್ ಅಂಟುರೋಗವಲ್ಲ. ಅಜ್ಜಿಯ ಪಕ್ಕ ಕೂರಬಹುದು, ಕೈ ಹಿಡಿಯಬಹುದು. ನಿಮಗೆ ನೆಗಡಿ, ಜ್ವರ ಇದ್ದಾಗ ಮಾತ್ರ ದೂರ ಇರಿ. ಆ ದಿನಗಳಲ್ಲಿ ಅವರ ಬಿಳಿ ಕಣ ಕಡಿಮೆ ಇರುತ್ತದೆ, ನಿಮ್ಮ ನೆಗಡಿ ಅವರಿಗೆ ದೊಡ್ಡ ಕಾಯಿಲೆಯಾದೀತು.

ಮನೆಯವರು ನೆನಪಿಡಬೇಕಾದ್ದು

ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದು. 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಸುಮಾರು 1.9 ಲಕ್ಷ ಹೊಸ ರೋಗಿಗಳು. ಬೇಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಎದೆಯಲ್ಲಾಗಲಿ ಕಂಕುಳಲ್ಲಾಗಲಿ ಹೊಸ ಗಂಟು, ಚರ್ಮದಲ್ಲಿ ಗುಳಿ ಅಥವಾ ಕಿತ್ತಳೆ ಸಿಪ್ಪೆಯಂಥ ಒರಟು, ತೊಟ್ಟು ಒಳಗೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ ಒಸರುವುದು — ಇವುಗಳಲ್ಲಿ ಯಾವುದು ಕಂಡರೂ ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಿ. ನೋವಿಲ್ಲ ಎಂದು ಸುಮ್ಮನಿರಬೇಡಿ; ಶುರುವಿನಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ ಎಂಬುದೂ ನಿಮಗೆ ತಿಳಿದಿರಲಿ. ಅಪರೂಪಕ್ಕೆ ಗಂಡಸರಿಗೂ ಈ ರೋಗ ಬರುತ್ತದೆ, ಅಜ್ಜಂದಿರೂ ಈ ಮಾತು ಕೇಳಿಸಿಕೊಳ್ಳಿ.

ಖರ್ಚಿನ ಭಯದಿಂದ ಬೇರು, ಪುಡಿಯ ದಾರಿ ಹಿಡಿಯುವವರು ಬಹಳ. ಬೆಂಗಳೂರಿನಲ್ಲಿ ಸರಕಾರದ ಕಿದ್ವಾಯಿ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೂ ನೆರವು ಸಿಗುತ್ತದೆ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ಚಿಕಿತ್ಸೆಯಲ್ಲಿರುವವರು ತೆಗೆದುಕೊಳ್ಳುವ ಪ್ರತಿಯೊಂದು ಕಷಾಯ, ಪುಡಿ, ಲೇಹ್ಯ, ಕ್ಯಾಪ್ಸೂಲ್ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಡಾಕ್ಟರಿಗೆ ತೋರಿಸಿ. ಆಯುರ್ವೇದ ವೈದ್ಯರ ಬಳಿ ಹೋಗುವುದಿದ್ದರೆ ಅವರಿಗೂ ಅದೇ ಪುಸ್ತಕ ತೋರಿಸಿ. ಬರೆಯುವ ಕೆಲಸವನ್ನು ಮನೆಯ ಶಾಲೆ ಮಕ್ಕಳಿಗೆ ವಹಿಸಿ. ಅಕ್ಷರ ಮುದ್ದಾಗಿ ಬರೆಯುತ್ತಾರೆ, ಒಂದನ್ನೂ ಬಿಡುವುದಿಲ್ಲ. ಅಜ್ಜಿ ಸೆರಗಿನಲ್ಲಿ ಬಚ್ಚಿಟ್ಟ ಪೊಟ್ಟಣ ಇದ್ದರೂ ಪತ್ತೆ ಹಚ್ಚಿ ಬರೆಯುತ್ತಾರೆ!